‘ಗ್ಲಾಕಸ್’ ಅಂದರೆ ಬಣ್ಣವೋ, ಹೊದಿಕೆಯೋ? ಕನ್ನಡದಲ್ಲಿ ಏನನ್ನೋಣ?

ಪದಶೋಧ
ಗಿಡಮರಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ನಡೀತಿದೆ. ‘ಗ್ಲಾಕಸ್’ ಅನ್ನೋ ಇಂಗ್ಲಿಷ್ ಗುಣವಾಚಕ ಪುಟಪುಟಕ್ಕೂ ಅಡ್ಡ ಬರ್ತಿದೆ. ಎಲೆಯ ತಳ ಗ್ಲಾಕಸ್, ಎಳೆ ಕಾಂಡ ಗ್ಲಾಕಸ್, ಬಲಿತ ಕಾಯಿ ಗ್ಲಾಕಸ್. ನಿಘಂಟು ತೆಗೆದರೆ ಒಂದರಲ್ಲಿ ‘ನೀಲಿ ಬೆರೆತ ಹಸಿರು’, ಇನ್ನೊಂದರಲ್ಲಿ ‘ಬೂದು ನೀಲಿ’, ಮತ್ತೊಂದರಲ್ಲಿ ‘ತಿಳಿ ಹಳದಿ ಹಸಿರು’, ಎಲ್ಲಕ್ಕಿಂತ ಕೆಳಗೆ ‘ಬಿಳಿ ಪುಡಿ ಹೊದ್ದ’ ಅಂತಿದೆ. ನಾಲ್ಕೂ ಒಂದೇ ಪದದ ಅರ್ಥ ಹೇಗಾಗುತ್ತೆ? ಇದೇ ಪದ ಗ್ರೀಕ್ ದೇವತೆಯ ಕಣ್ಣಿಗೂ ಇದೆ, ಗ್ಲಾಕೋಮಾ ಕಾಯಿಲೆಯಲ್ಲೂ ಇದೆ. ಬೇರು ಗೊತ್ತಿರುವವರು, ಗಿಡ ಗೊತ್ತಿರುವವರು ಇಬ್ಬರೂ ಹೇಳಿ. ಕನ್ನಡಕ್ಕೆ ಒಂದೇ ಪದ ಸಾಕಾ, ಬೇರೆ ಬೇರೆ ಬೇಕಾ?

ಒಣಗಿಡ ಸಂಗ್ರಹ
ಸಸ್ಯಶಾಸ್ತ್ರದ ಪುಸ್ತಕ ಅಂದ್ರಲ್ಲ, ಹಾಗಿದ್ರೆ ನಿಮ್ಮ ನಾಲ್ಕನೇ ಅರ್ಥವೇ ಮೊದಲನೆಯದು. ಅಲ್ಲಿ ಗ್ಲಾಕಸ್ ಅನ್ನೋದು ಬಣ್ಣದ ಹೆಸರಲ್ಲ, ಮೇಲೆ ಕೂತಿರುವ ಹೊದಿಕೆಯ ಹೆಸರು. ಎಲೆ, ಕಾಂಡ, ಹಣ್ಣುಗಳ ಹೊರಪದರದ ಮೇಲೆ ಗಿಡವೇ ಸ್ರವಿಸಿದ ಮೇಣ ಸಣ್ಣ ಸಣ್ಣ ಹರಳು, ಕಡ್ಡಿ, ಹಲ್ಲೆಗಳಾಗಿ ನಿಂತಿರುತ್ತೆ. ಅದರಿಂದಾಗಿ ಮೇಲ್ಮೈ ಬೂದಿ ಎರಚಿದ ಹಾಗೆ ಮಾಸಲು ನೀಲಿ-ಬಿಳಿ ಕಾಣುತ್ತೆ. ಒರೆಸಿದರೆ ಹೋಗುತ್ತೆ. ಒರೆಸಿದರೆ ಹೋಗದೇ ಇರೋದು ಗ್ಲಾಕಸ್ ಅಲ್ಲ.

ಪರೀಕ್ಷೆ ಸುಲಭ. ಬೆವರಿಲ್ಲದ ಒಣ ಹೆಬ್ಬೆರಳಿನಿಂದ ಎಲೆಯ ಮೇಲೆ ಒಂದೇ ಸಲ ಗಟ್ಟಿಯಾಗಿ ಎಳೀರಿ. ಗೆರೆ ಎಳೆದ ಜಾಗದಲ್ಲಿ ಕಡು ಹಸಿರು ಮಿಂಚಿ, ಪಕ್ಕದ ಜಾಗ ಮಾಸಲಾಗೇ ಉಳಿದರೆ ಅದು ಮೇಣ. ಅನುಮಾನ ಉಳಿದರೆ 10 ಪಟ್ಟು ದೊಡ್ಡದು ಮಾಡುವ ಕೈಮಸೂರದಲ್ಲಿ ನೋಡಿ. ಕೂದಲು ಕಂಡರೆ ಅದು ರೋಮ, ಆ ವಿವರಣೆಗೆ ಬೇರೆ ಪದಗಳಿವೆ. ಎಳೆಎಳೆಯಾಗಿ ಬಲೆಯಂತೆ ಹಬ್ಬಿದ್ದು ಕಂಡರೆ ಅದು ಬೂದಿರೋಗದ ಶಿಲೀಂಧ್ರ. ಏನೂ ಕಾಣದೆ ಬರೀ ಮಂಜು ಕವಿದಂತಿದ್ದರೆ ಮೇಣ, ಯಾಕಂದ್ರೆ ಆ ಹರಳುಗಳು ಕೈಮಸೂರಕ್ಕೆ ಸಿಗದಷ್ಟು ಚಿಕ್ಕವು. ಇಷ್ಟಾದರೂ ಒಪ್ಪಿಗೆಯಾಗದಿದ್ದರೆ ಎಲೆಯ ಒಂದು ಚೂರನ್ನು ಕುದಿಯುವ ನೀರಿಗೆ ಎರಡು ಕ್ಷಣ ಅದ್ದಿ ತೆಗೀರಿ. ಮೇಣ ಕರಗಿ ಎಲೆ ಸಾದಾ ಹಸಿರಾಗುತ್ತೆ. ರೋಮ ಬಿಸಿನೀರಿಗೆ ಕರಗಲ್ಲ.

ಹಿತ್ತಲಬಳ್ಳಿ
ಹಾಗಾದ್ರೆ ಬೂದುಗುಂಬಳದ ಮೇಲಿನ ಬೂದಿ ಇದೇ ಅಲ್ವಾ?

ಒಣಗಿಡ ಸಂಗ್ರಹ
ಅದೇ. ಅದಕ್ಕಿಂತ ಒಳ್ಳೆ ಉದಾಹರಣೆ ನಮ್ಮಲ್ಲಿ ಸಿಗಲ್ಲ. ಎಳೆ ಕಾಯಿಯಾಗಿದ್ದಾಗ ಮೈತುಂಬ ಚುಚ್ಚುವ ಸುಂಕು ಇರುತ್ತೆ, ಬೂದಿ ಇರಲ್ಲ. ಬಲೀತಾ ಬಂದ ಹಾಗೆ ಸುಂಕು ಉದುರಿ ಮೇಣ ಕೂರುತ್ತೆ. ಸುಂಕು ಹೋಗಿ ಬೂದಿ ಪೂರ್ತಿ ಕೂತ ಮೇಲೆ ಕೊಯ್ದ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಕೆಡದೆ ಇರೋದು ಈ ಹೊದಿಕೆಯಿಂದಲೇ. ಒಳಗಿನ ನೀರು ಆರಲ್ಲ, ಹೊರಗಿನ ಹನಿ ನಿಲ್ಲಲ್ಲ. ಇಂಗ್ಲಿಷಿನಲ್ಲೂ ಈ ಕಾಯಿಗೆ ‘ಬೂದಿ ಸೋರೆ’, ‘ಮೇಣದ ಸೋರೆ’ ಅನ್ನೋ ಅರ್ಥದ ಎರಡೂ ಹೆಸರಿವೆ. ಎರಡನ್ನೂ ಒಟ್ಟಿಗೆ ಇಟ್ಟರೆ ಗ್ಲಾಕಸ್ ಪದದ ಅರ್ಥವೇ ಸಿಕ್ಕಿತು.

ಗಾದೆಗಂಟು
‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ.’ ಈ ಗಾದೆ ನಿಂತಿರೋದೇ ಗ್ಲಾಕಸ್ ಗುಣದ ಮೇಲೆ! ಹೊತ್ತ ಕಾಯಿಯ ಬೂದಿ ಹೆಗಲಿಗೆ ಅಂಟಿರುತ್ತೆ, ಅದು ಕಂಡೀತು ಅಂತ ಅವನು ಒರೆಸಿಕೊಳ್ಳೋಕೆ ಹೋಗ್ತಾನೆ. ಒಣಗಿಡದವರು ಹೇಳಿದ ಹೆಬ್ಬೆರಳಿನ ಪರೀಕ್ಷೆಯನ್ನ ನಮ್ಮವರು ಹೆಗಲಿನಲ್ಲಿ ಮಾಡಿ ಮುಗಿಸಿದ್ದಾರೆ.

ಮಲೆನಾಡ ಮಾತು
ಬೂದಿ ಅಂತಲೇ ಯಾಕಾಗಬೇಕು? ಭಾರ ಹೊತ್ತು ಹೆಗಲು ನೋಯ್ತಿತ್ತು, ಅದಕ್ಕೆ ಮುಟ್ಟಿ ನೋಡಿಕೊಂಡ ಅಂತಲೂ ಅರ್ಥ ಮಾಡಬಹುದಲ್ಲ.

ಗಾದೆಗಂಟು
ನೋವಿಗಾದರೆ ಹಲಸಿನಕಾಯಿ ಕಳ್ಳ ಅಂತಲೂ ಗಾದೆ ಕಟ್ಟಬಹುದಿತ್ತು, ಅದು ಇನ್ನೂ ಭಾರ. ಕುಂಬಳವನ್ನೇ ಆರಿಸಿಕೊಂಡಿರೋದಕ್ಕೆ ಕಾರಣ ಬೇಕು. ಗಾದೆಯ ಕೆಲಸ ಸಾಕ್ಷಿ ತೋರಿಸೋದು, ನೋವು ಯಾರಿಗೂ ಕಾಣಲ್ಲ, ಬಿಳಿ ಗುರುತು ಕಾಣುತ್ತೆ. ಇನ್ನೊಂದು ವಿಷಯ: ಇಲ್ಲಿ ಕುಂಬಳ ಅಂದರೆ ಬೂದುಗುಂಬಳವೇ. ಸಿಹಿಗುಂಬಳ ಅಮೆರಿಕ ಖಂಡದ ಮೂಲದ್ದು, ಇಲ್ಲಿಗೆ ಬಂದದ್ದು ಯುರೋಪಿನವರು ಆ ಖಂಡಕ್ಕೆ ಹೋಗಿ ಬಂದ ಮೇಲೆ. ಅದರ ಸಿಪ್ಪೆಯಿಂದ ಹೆಗಲಿಗೆ ಹೀಗೆ ಬಿಳಿ ಹತ್ತೋದೂ ಇಲ್ಲ.

ಮಲೆನಾಡ ಮಾತು
ಸರಿ, ಹಲಸಿನಕಾಯಿ ಮಾತಿಗೆ ಸೋತೆ. ಒಪ್ಪಿದೆ.

ಯವನಪದ
ಬೇರಿನ ಕಡೆ ಬರೋಣ. ಇಂಗ್ಲಿಷಿಗೆ ಈ ರೂಪ ಬಂದದ್ದು 17ನೇ ಶತಮಾನದ ಉತ್ತರಾರ್ಧದಲ್ಲಿ, ಲ್ಯಾಟಿನ್ನಿನ ‘ಗ್ಲೌಕುಸ್’ನಿಂದ. ಲ್ಯಾಟಿನ್ನಿಗೆ ಗ್ರೀಕಿನ ‘ಗ್ಲೌಕೋಸ್’ನಿಂದ. ಗ್ರೀಕಿನಿಂದ ಹಿಂದಕ್ಕೆ ಇಂಡೋ-ಯುರೋಪಿಯನ್ ಬೇರು ಯಾವುದೂ ಖಚಿತವಾಗಿ ಕೂತಿಲ್ಲ, ಗ್ರೀಕರಿಗಿಂತ ಮೊದಲು ಅಲ್ಲಿದ್ದವರ ಭಾಷೆಯಿಂದ ಬಂದಿರಬಹುದು ಅನ್ನೋರಿದ್ದಾರೆ.

ಮುಖ್ಯ ವಿಷಯ ಏನಂದ್ರೆ, ಹಳೆ ಗ್ರೀಕಿನಲ್ಲಿ ಈ ಪದ ಬಣ್ಣಕ್ಕಿಂತ ಹೊಳಪಿಗೆ ಹತ್ತಿರ. ಹೋಮರನ ಇಲಿಯಡ್ ಮಹಾಕಾವ್ಯದ 20ನೇ ಸರ್ಗದಲ್ಲಿ ಮೈಮೇಲೆ ಏರಿ ಬರುವ ಸಿಂಹಕ್ಕೆ ಇದೇ ಬೇರಿನ ‘ಗ್ಲೌಕಿಯೋಓನ್’ ಅನ್ನೋ ಪದ ಇದೆ, ಅಂದರೆ ಕಣ್ಣು ಕೆಂಡದ ಹಾಗೆ ಹೊಳೆಸುತ್ತಾ ಬರುವುದು. ಸಿಂಹಕ್ಕೆ ನೀಲಿ ಕಣ್ಣು ಇಲ್ಲ. 16ನೇ ಸರ್ಗದಲ್ಲಿ ಪಾಟ್ರೋಕ್ಲಸ್ ಸಿಟ್ಟಿನಿಂದ ಅಕಿಲೀಸನಿಗೆ, ನಿನ್ನನ್ನು ಹೆತ್ತದ್ದು ತಾಯಿಯಲ್ಲ, ‘ಗ್ಲೌಕೆ’ ಕಡಲು ಮತ್ತು ಕಡಿದಾದ ಬಂಡೆ ಅಂತಾನೆ. ಅಲ್ಲಿ ಮಿನುಗುವ ಕಡಲು ಅಂತಲೂ ಓದಬಹುದು, ಬೂದು ಕಡಲು ಅಂತಲೂ ಓದಬಹುದು. ಬಣ್ಣದ ಕಡೆ ಪದ ಜಾರಿದ್ದು ಇಂಥ ಜಾಗಗಳಲ್ಲೇ. ಮುಂದೆ ಕ್ಸೆನೋಫನೀಸ್ ಅನ್ನೋ ಗ್ರೀಕ್ ಕವಿ-ತತ್ತ್ವಜ್ಞಾನಿ ಬರೆಯುವ ಹೊತ್ತಿಗೆ ಕಣ್ಣಿನ ಬಣ್ಣ ಅನ್ನೋದು ಗಟ್ಟಿಯಾಗಿದೆ: ಥ್ರೇಸಿನ ಜನ ತಮ್ಮ ದೇವರಿಗೆ ಗ್ಲೌಕೋಸ್ ಕಣ್ಣು, ಕೆಂಚು ಕೂದಲು ಅಂತಾರೆ, ಇಥಿಯೋಪಿಯದವರು ತಮ್ಮ ದೇವರು ಕಪ್ಪು, ಚಪ್ಪಟೆ ಮೂಗು ಅಂತಾರೆ ಅನ್ನೋ ಪ್ರಸಿದ್ಧ ಮಾತು ಅವನದು.

ನವಿಲುಗರಿ
ಹಾಗಾದ್ರೆ ಅಥೀನಾ ದೇವತೆಯ ‘ಗ್ಲೌಕೋಪಿಸ್’? ‘ನೀಲಾಕ್ಷಿ’ ಅಂತ ಅನುವಾದ ಮಾಡೋದು ತಪ್ಪಾ?

ಯವನಪದ
ತಪ್ಪಲ್ಲ, ಪೂರ್ತಿಯೂ ಅಲ್ಲ. ಮೂರು ಓದುಗಳಿವೆ: ಹೊಳೆಯುವ ಕಣ್ಣಿನವಳು, ಬೂದು-ನೀಲಿ ಕಣ್ಣಿನವಳು, ಗೂಬೆಗಣ್ಣಿನವಳು. ಮೂರನೆಯದು ಯಾಕಂದ್ರೆ ಗ್ರೀಕಿನಲ್ಲಿ ಸಣ್ಣ ಗೂಬೆಗೆ ‘ಗ್ಲೌಕ್ಸ್’ ಅಂತಾರೆ, ಅದು ಅವಳ ಹಕ್ಕಿ. ಅಥೆನ್ಸಿನ ಬೆಳ್ಳಿ ನಾಣ್ಯದ ಒಂದು ಮುಖದಲ್ಲಿ ಅವಳು, ಇನ್ನೊಂದರಲ್ಲಿ ಗೂಬೆ. ನಾಣ್ಯವನ್ನೇ ಜನ ‘ಗೂಬೆ’ ಅಂತ ಕರೀತಿದ್ರು. ‘ಅಥೆನ್ಸಿಗೆ ಗೂಬೆ ಒಯ್ಯೋದು’ ಅಂದರೆ ಇರೋ ಊರಿಗೇ ಮತ್ತೆ ಹೊತ್ತುಕೊಂಡು ಹೋಗೋದು. ಕಾವ್ಯಕ್ಕಾದರೆ ‘ಹೊಳೆಗಣ್ಣಿ’ ಇಡಬಹುದು ಅನ್ಸುತ್ತೆ.

ಹಕ್ಕಿಗೂಡು
ಆ ಗೂಬೆಯ ವೈಜ್ಞಾನಿಕ ಹೆಸರೂ ‘ಅಥೀನಿ ನಾಕ್ಟುವಾ’. ನಮ್ಮ ಹಾಲಕ್ಕಿ ಅದೇ ಕುಲದ್ದು, ‘ಅಥೀನಿ ಬ್ರಾಮಾ’. ಹಾಲಕ್ಕಿಯ ಕಣ್ಣು ಹಳದಿ, ನೀಲಿಯ ಸುಳಿವೇ ಇಲ್ಲ. ಗ್ಲೌಕ್ಸ್ ಅನ್ನೋ ಹೆಸರು ಕಣ್ಣಿನಿಂದ ಬಂದಿದ್ದರೆ ಅದು ಹೊಳಪಿನಿಂದಲೇ ಬಂದಿರಬೇಕು. ಯವನಪದದವರ ವಾದಕ್ಕೆ ಇದೂ ಒಂದು ಬಲ.

ಇನ್ನು ಹಕ್ಕಿಗಳ ಹೆಸರಿನಲ್ಲಿ ಗ್ಲಾಕಸ್ ಬಂದರೆ ಅಲ್ಲಿ ಮೇಣ ಹುಡುಕಬೇಡಿ. ಉತ್ತರ ಧ್ರುವದ ಸುತ್ತ ಇರುವ ಗ್ಲಾಕಸ್ ಗಲ್ ಅನ್ನೋ ದೊಡ್ಡ ಕಡಲಕ್ಕಿಗೆ ಆ ಹೆಸರು ಬೆನ್ನು-ರೆಕ್ಕೆಗಳ ತಿಳಿಬೂದು ಬಣ್ಣದಿಂದ. ರೆಕ್ಕೆಯ ತುದಿಯಲ್ಲಿ ಕಪ್ಪು ಇಲ್ಲದಿರೋದೇ ಅದರ ಗುರುತು. ದಕ್ಷಿಣ ಅಮೆರಿಕದ ಗ್ಲಾಕಸ್ ಮಕಾವ್ ಗಿಳಿಗೂ ಹಾಗೇ, ಮಾಸಲು ನೀಲಿ ಗರಿ. ಅಂದರೆ ಪ್ರಾಣಿಶಾಸ್ತ್ರದಲ್ಲಿ ಬಣ್ಣ, ಸಸ್ಯಶಾಸ್ತ್ರದಲ್ಲಿ ಹೊದಿಕೆ.

ಕುತೂಹಲಿ
ಗ್ರೀಕರಿಗೆ ನೀಲಿ ಬಣ್ಣವೇ ಕಾಣ್ತಿರಲಿಲ್ಲವಂತಲ್ಲ, ಅದಕ್ಕೇ ಈ ಗೊಂದಲ ಅಂತ ಎಲ್ಲೋ ಓದಿದ್ದೆ.

ಯವನಪದ
ಈ ಮಾತು ತುಂಬಾ ಓಡಾಡ್ತಿದೆ, ದಯವಿಟ್ಟು ಇಲ್ಲಿಗೆ ನಿಲ್ಲಿಸೋಣ. 1858ರಲ್ಲಿ ಗ್ಲಾಡ್‌ಸ್ಟನ್, ಅಂದರೆ ಮುಂದೆ ಬ್ರಿಟನ್ನಿನ ಪ್ರಧಾನಿಯಾದವರು, ಹೋಮರನ ಬಣ್ಣದ ಪದಗಳನ್ನು ಕೂತು ಎಣಿಸಿ, ಬೆಳಕು-ಕತ್ತಲೆಯ ವ್ಯತ್ಯಾಸವೇ ಹೆಚ್ಚು, ಬಣ್ಣದ ಭೇದ ಕಮ್ಮಿ ಅಂತ ಬರೆದರು. ಅದು ಪದಗಳ ಬಗ್ಗೆ ಒಳ್ಳೆ ಗಮನಿಕೆ. ಅದರಿಂದ ಕಣ್ಣಿಗೆ ಕಾಣ್ತಿರಲಿಲ್ಲ ಅನ್ನೋ ತೀರ್ಮಾನ ಬರಲ್ಲ. ಗ್ರೀಕಿನಲ್ಲಿ ಕಡುನೀಲಿಗೆ ‘ಕ್ಯಾನೆಯೋಸ್’ ಅನ್ನೋ ಪದವೂ ಇತ್ತು.

ನಮ್ಮದನ್ನೇ ನೋಡಿ. ‘ನೀಲ’ ಸಂಸ್ಕೃತದಿಂದ ಬಂದ ಪದ, ಅದಕ್ಕೆ ಅಲ್ಲೂ ಕಡುನೀಲಿಯಿಂದ ಕಪ್ಪಿನವರೆಗೆ ಹರವು ಇದೆ. ‘ಹಸಿರು’ ‘ಹಸಿ’ಯ ನಂಟಿನದು, ತಾಜಾತನದಿಂದ ಬಣ್ಣಕ್ಕೆ ಬಂದದ್ದು. ವೆಲ್ಶ್ ಭಾಷೆಯಲ್ಲಿ ‘ಗ್ಲಾಸ್’ ಅನ್ನೋ ಪದ ಆಕಾಶಕ್ಕೂ ನಡೆಯುತ್ತೆ, ಹುಲ್ಲಿಗೂ ನಡೆಯುತ್ತೆ. ಅದರ ಸದ್ದು ಕೇಳಿ ಗ್ಲೌಕೋಸ್‌ಗೆ ಗಂಟು ಹಾಕಬೇಡಿ, ಎರಡರ ಬೇರು ಬೇರೆ.

ಲ್ಯಾಟಿನ್ ಪಾಠ
ಲ್ಯಾಟಿನ್ನಿನಲ್ಲಿ ಏನಾಯ್ತು ಅನ್ನೋದನ್ನ ಹಾರಿಸಿಬಿಟ್ರಿ. ವರ್ಜಿಲ್‌ನ ಜಾರ್ಜಿಕ್ಸ್ ಕೃಷಿಕಾವ್ಯದ 2ನೇ ಭಾಗದಲ್ಲಿ ವಿಲ್ಲೋ ತೋಪು ಗ್ಲೌಕುಸ್ ಎಲೆಗಳಿಂದ ಬೆಳ್ಳಗಾಗಿದೆ ಅಂತ ಬರುತ್ತೆ. 3ನೇ ಭಾಗದಲ್ಲಿ ಒಳ್ಳೆ ಕುದುರೆಯ ಬಣ್ಣ ಹೇಳುವಾಗ ಕಂದುಗೆಂಪು ಮತ್ತು ಗ್ಲೌಕುಸ್ ಮೇಲು, ಬಿಳಿ ಕೀಳು ಅಂತಾನೆ. ಕುದುರೆ ಮೇಲೆ ಮೇಣ ಇರಲ್ಲ. ಆಲಿವ್, ವಿಲ್ಲೋಗಳ ಎಲೆಯ ಬೆಳ್ಳಿಬಣ್ಣಕ್ಕೂ ಬಹುಪಾಲು ಕಾರಣ ಸೂಕ್ಷ್ಮ ರೋಮ, ಹುರುಪೆಗಳು. ಅಂದರೆ ಕವಿಗಳು ಕಣ್ಣಿಗೆ ಕಂಡ ಮಾಸಲು ಬೆಳ್ಳಿಯನ್ನೆಲ್ಲ ಗ್ಲೌಕುಸ್ ಅಂದರು. ಕಾರಣ ಮೇಣವಾಗಿದ್ದರೆ ಮಾತ್ರ ಗ್ಲಾಕಸ್, ರೋಮವಾಗಿದ್ದರೆ ಅಲ್ಲ ಅಂತ ಗೆರೆ ಎಳೆದದ್ದು ಆಮೇಲೆ ಬಂದ ಸಸ್ಯವಿವರಣೆಯ ಭಾಷೆ.

2ನೇ ಶತಮಾನದ ಔಲಸ್ ಗೆಲ್ಲಿಯಸ್ ಬಣ್ಣದ ಹೆಸರುಗಳ ಬಗ್ಗೆ ಇಬ್ಬರು ವಿದ್ವಾಂಸರ ಮಾತುಕತೆಯನ್ನ ಬರೆದಿಟ್ಟಿದ್ದಾನೆ. ಗ್ರೀಕರ ಗ್ಲೌಕೋಪಿಸ್‌ಗೆ ನಮ್ಮ ಹಿರಿಯರು ‘ಕೇಸಿಯ’ ಅಂತಿದ್ದರು ಅಂತ ಅಲ್ಲಿ ಬರುತ್ತೆ. ಆ ‘ಕೇಸಿಯಸ್’ನಿಂದಲೇ 1860ರಲ್ಲಿ ಬುನ್ಸೆನ್ ಮತ್ತು ಕಿರ್ಖಾಫ್ ತಾವು ಕಂಡ ಹೊಸ ಧಾತುವಿಗೆ ಸೀಸಿಯಂ ಅಂತ ಹೆಸರಿಟ್ಟರು, ಅದರ ರೋಹಿತದಲ್ಲಿ ನೀಲಿ ಗೆರೆಗಳಿದ್ದವು.

ಕಣ್ಣಾಸರೆ
ಗ್ಲಾಕೋಮಾ ವಿಷಯ ಸ್ಪಷ್ಟ ಮಾಡ್ತೀನಿ, ಯಾಕಂದ್ರೆ ಪದದ ಅರ್ಥ ನಂಬಿ ಮೋಸ ಹೋಗಬಾರದು. ಹಿಪೊಕ್ರಟೀಸ್ ಪರಂಪರೆಯ ಸೂತ್ರಗಳಲ್ಲಿ ಮುಪ್ಪಿನ ಕಾಯಿಲೆಗಳ ಪಟ್ಟಿಯಲ್ಲಿ ‘ಗ್ಲೌಕೋಸಿಸ್’ ಇದೆ. ಪಾಪೆ ಮಾಸಲು ನೀಲಿ-ಬೂದಾಗಿ ಕಂಡು ದೃಷ್ಟಿ ಹೋಗೋದು. ಅದರಲ್ಲಿ ಈಗ ನಾವು ಪೊರೆ ಅನ್ನೋದೂ ಸೇರಿತ್ತು, ಬೇರೆಯವೂ ಸೇರಿದ್ದವು. ಪೊರೆ ಅಂದರೆ ಮಸೂರವೇ ಮಬ್ಬಾಗೋದು ಅಂತ ಖಚಿತವಾದದ್ದು 18ನೇ ಶತಮಾನದ ಆರಂಭದಲ್ಲಿ. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಣ್ಣಿನೊಳಗೆ ನೋಡುವ ಉಪಕರಣ ತಂದ ಮೇಲೆ ಗ್ಲಾಕೋಮಾದಲ್ಲಿ ದೃಷ್ಟಿನರದ ತಲೆ ಗುಳಿಬೀಳೋದು ಕಂಡಿತು. 1857ರಲ್ಲಿ ಫಾನ್ ಗ್ರೇಫ ಕಣ್ಣಿನೊಳಗಿನ ಒತ್ತಡ ಇಳಿಸುವ ಶಸ್ತ್ರಚಿಕಿತ್ಸೆ ಪ್ರಕಟಿಸಿದರು.

ಈಗಿನ ಗ್ಲಾಕೋಮಾಕ್ಕೂ ಕಣ್ಣಿನ ಬಣ್ಣಕ್ಕೂ ಸಂಬಂಧ ಇಲ್ಲ. ಹೆಚ್ಚಿನವರಲ್ಲಿ ಹೊರಗಿನಿಂದ ಏನೂ ಕಾಣಲ್ಲ, ನೋವಿರಲ್ಲ, ಪಕ್ಕದ ನೋಟ ಮೊದಲು ಹೋಗುತ್ತೆ. ಸಾಮಾನ್ಯ ಒತ್ತಡ ಪಾದರಸದ 10ರಿಂದ 21 ಮಿಲಿಮೀಟರ್, ಆದರೆ ಅದರೊಳಗೆ ಇದ್ದವರಿಗೂ ಕಾಯಿಲೆ ಬರಬಹುದು. ಅದಕ್ಕೆ ಒತ್ತಡ ಅಳೆದರಷ್ಟೇ ಸಾಲದು, ನರವನ್ನೂ ನೋಡಬೇಕು. ಹೋದ ದೃಷ್ಟಿ ವಾಪಸ್ ಬರಲ್ಲ. ಮನೆಯಲ್ಲಿ ಯಾರಿಗಾದರೂ ಇದ್ದರೆ, ವಯಸ್ಸು 40 ದಾಟಿದ್ದರೆ ಪರೀಕ್ಷೆ ತಪ್ಪಿಸಬೇಡಿ.

ಬಣ್ಣದ ಬಟ್ಟಲು
ಕಂಪ್ಯೂಟರಿನ ಬಣ್ಣಪಟ್ಟಿಗಳಲ್ಲಿ ಗ್ಲಾಕಸ್‌ಗೆ ನಿಗದಿಯಾದ ಅಂಕಿಯೇ ಇದೆ: ಕೆಂಪು 96, ಹಸಿರು 130, ನೀಲಿ 182. ಅದನ್ನೇ ಇಟ್ಟುಕೊಂಡರೆ ಜಗಳವೇ ಇಲ್ಲ.

ಒಣಗಿಡ ಸಂಗ್ರಹ
ಇದೆ, ಅಲ್ಲೇ ಜಗಳ. ಆ ಅಂಕಿ ಹಾಕಿ ನೋಡಿ, ಸಾಕಷ್ಟು ಗಾಢ ನೀಲಿ ಬರುತ್ತೆ. ಯಾವ ಎಲೆಕೋಸೂ ಆ ಬಣ್ಣ ಇರಲ್ಲ. ಗ್ಲಾಕಸ್ ಎಲೆಯ ಬಣ್ಣ ಅಡಿಯ ಬಣ್ಣ ಮತ್ತು ಮೇಲಿನ ಮೇಣ ಎರಡೂ ಸೇರಿ ಆಗೋದು. ಹಸಿರು ಎಲೆ ಮೇಲೆ ಕೂತರೆ ನೀಲಿಹಸಿರು, ಕಪ್ಪು ದ್ರಾಕ್ಷಿ ಮೇಲೆ ಕೂತರೆ ಮಾಸಲು ನೀಲಿ, ಕಂದು ಕಾಂಡದ ಮೇಲೆ ಕೂತರೆ ಬಿಳಿಬೂದು. ಪದಶೋಧದವರ ನಾಲ್ಕು ಅರ್ಥಗಳಲ್ಲಿ ಎರಡಕ್ಕಾದರೂ ಉತ್ತರ ಇಲ್ಲೇ ಇದೆ. ಒಂದೇ ಅಂಕಿ ಇಡೋದು ಮಂಜಿಗೆ ಬಣ್ಣದ ನಂಬರ್ ಕೊಟ್ಟ ಹಾಗೆ.

ಬಣ್ಣದ ಬಟ್ಟಲು
ಮುದ್ರಣಕ್ಕೆ, ಬಟ್ಟೆಗೆ ಅಂಕಿ ಬೇಕೇ ಬೇಕಲ್ಲ ಸರ್. ಗಿಡಕ್ಕೆ ಬೇಡ ಅನ್ನಿ, ಒಪ್ತೀನಿ.

ಬೆಳಕಿನ ಲೆಕ್ಕ
ಮೇಣ ಬಿಳಿಯದೋ ಪಾರದರ್ಶಕವೋ ಆಗಿದ್ದರೂ ನೀಲಿ ಯಾಕೆ ಕಾಣುತ್ತೆ ಅನ್ನೋದನ್ನ ಯಾರೂ ಹೇಳಲಿಲ್ಲ. ಹರಳುಗಳು ಬೆಳಕಿನ ತರಂಗದೂರದ ಆಸುಪಾಸಿನಷ್ಟು, ಅದಕ್ಕಿಂತ ಚಿಕ್ಕದಾಗಿಯೂ ಇರೋದರಿಂದ ನೀಲಿ ಮತ್ತು ಅತಿನೇರಳೆ ಬೆಳಕನ್ನು ಹೆಚ್ಚು ಚದುರಿಸುತ್ತವೆ. ಹಿಂದೆ ಗಾಢ ಬಣ್ಣ ಇದ್ದರೆ ಉಳಿದ ಬೆಳಕು ಅಲ್ಲಿ ಹೀರಿಹೋಗಿ ಈ ನೀಲಿ ಎದ್ದು ಕಾಣುತ್ತೆ. ತೆಳು ಹೊಗೆ ಕಪ್ಪು ಗೋಡೆಯ ಮುಂದೆ ನೀಲಿಯಾಗಿ ಕಾಣಲ್ವಾ, ಹಾಗೇ. 2024ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಬ್ಲೂಬೆರಿ ಹಣ್ಣಿನಲ್ಲಿ ಇದನ್ನೇ ತೋರಿಸಿದರು. ಸಿಪ್ಪೆಯೊಳಗಿನ ವರ್ಣದ್ರವ್ಯ ಕಡುಗೆಂಪು, ನೀಲಿ ಬರೋದು ಮೇಣದ ರಚನೆಯಿಂದ. ಅದಕ್ಕೇ ಆ ಹಣ್ಣು ಹಿಂಡಿದರೆ ನೀಲಿ ರಸ ಬರಲ್ಲ. ಮೇಣವನ್ನು ಕರಗಿಸಿ ಮತ್ತೆ ಹರಳುಗಟ್ಟಿಸಿದಾಗ ನೀಲಿ ವಾಪಸ್ ಬಂತು.

ವಿಜಯಪುರ ದ್ರಾಕ್ಷಿ
ದ್ರಾಕ್ಷಿ ಮ್ಯಾಲಿನ ಬೂದಿ ಬಗ್ಗೆ ಹೇಳ್ತೀನ್ರಿ. ತಿನ್ನೋ ದ್ರಾಕ್ಷಿಗೆ ಆ ಬೂದಿ ಇದ್ದಷ್ಟೂ ಬೆಲಿ. ಗೊಂಚಲಾ ಕೊಯ್ಯುವಾಗ ತೊಟ್ಟು ಹಿಡೀಬೇಕು, ಕಾಯಿಗೆ ಬೆರಳು ಹಚ್ಚಬಾರದು. ಬಲಿತ ಕಾಯಿ ಮ್ಯಾಲೆ ಒಮ್ಮೆ ಒರೆಸಿದ ಜಾಗ ಮೊದಲಿನ ಹಂಗ ಆಗೂದಿಲ್ಲ, ಪೆಟ್ಟಿಗ್ಯಾಗ ಬೆರಳಿನ ಗುರುತು ಎದ್ದು ಕಾಣತದ.

ಒಣದ್ರಾಕ್ಷಿಗೆ ಮಾತ್ರ ಲೆಕ್ಕ ಉಲ್ಟಾ ಅದ. ಆ ಮೇಣ ಒಳಗಿನ ನೀರು ಹೊರಗ ಬಿಡೂದಿಲ್ಲ. ಅದಕ್ಕ ಒಂದು ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಷಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್, ಅಂದ್ರ ಈಥೈಲ್ ಓಲಿಯೇಟ್, ಕಲಸಿ ಗೊಂಚಲಾ 2ರಿಂದ 4 ನಿಮಿಷ ಅದ್ದಿ ತಗೀತಾರ. ಮೇಣ ಪೂರಾ ಹೋಗೂದಿಲ್ರಿ, ಅದರ ಹಲ್ಲೆಗಳ ಜೋಡಣಿ ಸಡಿಲಾಗತದ, ನೀರಿಗೆ ದಾರಿ ಸಿಗತದ. ಆಮ್ಯಾಲೆ ನೆರಳಾಗ ಬಲಿ ಮ್ಯಾಲೆ ಹರವಿದ್ರ ಸುಮಾರು ಎರಡು ವಾರದಾಗ ಒಣಗತದ. ಅದ್ದದೇ ಬಿಟ್ಟರ ಅದಕ್ಕಿಂತ ಭಾಳ ದಿನ ಹಿಡೀತದ, ಬಣ್ಣ ಕಪ್ಪಾಗತದ. ಹೆಚ್ಚು ಹೊತ್ತು ಬಿಟ್ಟರ ಸಿಪ್ಪಿ ಬಿರಿದು ರಸ ಸೋರಿ ಕಾಯಿ ಒಂದಕ್ಕೊಂದು ಅಂಟತಾವ. ಒಂದೇ ದ್ರಾವಣದಾಗ ಅದ್ದಿ ಅದ್ದಿ ಶಕ್ತಿ ಹೋಗಿರತದ, ಕ್ಷಾರ ಇಳಿದಿದ್ದು ನೋಡಿ ಬದಲಿ ಮಾಡಬೇಕು.

ಹಿತ್ತಲಬಳ್ಳಿ
ಅಬ್ಬಾ, ಒಂದೇ ಬೂದಿ, ಒಬ್ಬರು ಉಳಿಸ್ತಾರೆ, ಒಬ್ಬರು ಸಡಿಲಿಸ್ತಾರೆ.

ತರಕಾರಿ ಸಾಲು
ಸಿಂಪಡಣೆ ಮಾಡೋರಿಗೂ ಇದೇ ತಲೆನೋವು. ಎಲೆಕೋಸು, ಹೂಕೋಸು, ಈರುಳ್ಳಿ ಮೇಲೆ ಬರೀ ನೀರಿನ ದ್ರಾವಣ ಹೊಡೆದರೆ ಮುತ್ತಿನ ಹಾಗೆ ಉರುಳಿ ಹೋಗುತ್ತೆ, ಕೆಸುವಿನ ಎಲೆ ಮೇಲಿನ ನೀರಿನ ಹಾಗೆ. ಅಂಟು-ಹರಡು ದ್ರಾವಣ ಲೀಟರಿಗೆ ಅರ್ಧದಿಂದ 1 ಮಿಲಿ ಸೇರಿಸಬೇಕು. ಔಷಧಿ ಪೂರ್ತಿ ಕಲಸಿದ ಮೇಲೆ ಕೊನೆಗೆ ಹಾಕಿ, ಮೊದಲೇ ಹಾಕಿ ಕಲಕಿದರೆ ಡ್ರಮ್ ತುಂಬ ನೊರೆ. ಜಾಸ್ತಿ ಹಾಕಿದರೂ ಪ್ರಯೋಜನ ಇಲ್ಲ, ಹನಿ ತೀರಾ ತೆಳುವಾಗಿ ಎಲೆಯಿಂದ ಹರಿದು ಹೋಗುತ್ತೆ. ಬಟ್ಟೆ ಸೋಪು, ಎಣ್ಣೆ ಹೊಡೆಯೋರು ಇನ್ನೊಂದು ಗಮನಿಸಿ: ಅದು ಮೇಣವನ್ನೇ ಕೆಡಿಸುತ್ತೆ. ನೀಲಿ ಸ್ಪ್ರೂಸ್ ಥರದ ಅಲಂಕಾರದ ಗಿಡಗಳಿಗೆ ಎಣ್ಣೆ ಹೊಡೆದರೆ ನೀಲಿ ಹೋಗಿ ಸಾದಾ ಹಸಿರಾಗುತ್ತೆ, ಹೊಸ ಚಿಗುರು ಬರೋವರೆಗೂ ಸರಿಹೋಗಲ್ಲ.

ಮೇಣ ಇದ್ದರೆ ಎಲ್ಲ ಕೀಟಗಳಿಂದ ರಕ್ಷಣೆ ಅನ್ನೋದು ಮಾತ್ರ ಪೂರ್ತಿ ನಿಜವಲ್ಲ. ಮೇಣ ಕಮ್ಮಿ ಇರುವ ಹೊಳಪೆಲೆಯ ಈರುಳ್ಳಿ ತಳಿಗಳಲ್ಲೇ ಥ್ರಿಪ್ಸ್ ನುಸಿ ಕಡಿಮೆ ಕಂಡುಬರುತ್ತೆ.

ಎಣ್ಣೆಕಾಳು
ಔಡಲದಲ್ಲಿ ಇದನ್ನ ತಳಿ ಗುರುತಿಸೋಕೇ ಬಳಸ್ತಾರೆ. ಬೂದಿ ಇಲ್ಲದ್ದು ಸೊನ್ನೆ. ಕಾಂಡದ ಮೇಲೆ ಮಾತ್ರ ಇದ್ದರೆ ಒಂದು. ಕಾಂಡ, ತೊಟ್ಟು, ಎಲೆಯ ತಳಭಾಗದಲ್ಲಿ ಇದ್ದರೆ ಎರಡು. ಎಲೆಯ ಮೇಲ್ಮೈಯಲ್ಲೂ ಇದ್ದರೆ ಮೂರು. ಬಿತ್ತನೆ ಬೀಜದ ತಾಕಿನಲ್ಲಿ ಮೂರು ಬೂದಿಯ ತಳಿಯ ನಡುವೆ ಬೂದಿ ಇಲ್ಲದ ಗಿಡ ಕಂಡರೆ ಅದು ಕಲಬೆರಕೆ, ಹೂವಾಗುವ ಮೊದಲೇ ಕಿತ್ತು ಹಾಕಬೇಕು. ನೋಡೋದು ಬೆಳಿಗ್ಗೆ ಇಬ್ಬನಿ ಆರಿದ ಮೇಲೆ. ಜೋರು ಮಳೆ ಆದ ಮಾರನೇ ದಿನ ಹಳೆ ಎಲೆ ನೋಡಿ ಅಂಕ ಕೊಡಬೇಡಿ, ಮೇಣ ಉಜ್ಜಿ ಹೋಗಿರುತ್ತೆ. ಮೇಲಿಂದ ಮೂರನೆಯದೋ ನಾಲ್ಕನೆಯದೋ ಎಲೆ ನೋಡಿ. ಹೆಚ್ಚು ಬೂದಿಯವಕ್ಕೆ ಜಿಗಿಹುಳುವಿನ ಕಾಟ ಕಮ್ಮಿ, ಆದ್ದರಿಂದ ಇದು ಬರೀ ಗುರುತಿನ ವಿಷಯವಲ್ಲ.

ಕರಡು ತಿದ್ದು
ಅನುವಾದಕರು ಬೀಳುವ ಹಳ್ಳ ಒಂದಿದೆ, ಎಚ್ಚರ. ‘ಗ್ಲಾಬ್ರಸ್’ ಮತ್ತು ‘ಗ್ಲಾಕಸ್’. ಮೊದಲನೆಯದು ಲ್ಯಾಟಿನ್ನಿನ ‘ಗ್ಲಾಬೆರ್’, ಬೋಳು ಅನ್ನೋ ಅರ್ಥದ್ದು. ಗಿಡದಲ್ಲಿ ರೋಮ ಇಲ್ಲದ್ದು. ಹುಬ್ಬುಗಳ ನಡುವಿನ ನುಣುಪು ಜಾಗಕ್ಕೆ ‘ಗ್ಲಾಬೆಲ್ಲ’ ಅನ್ನೋದೂ ಅದೇ ಬೇರು. ಎರಡೂ ಒಟ್ಟಿಗೆ ಒಂದೇ ಗಿಡದಲ್ಲಿ ಇರಬಹುದು. ಎಲೆಕೋಸು ಬೋಳೂ ಹೌದು, ಬೂದಿ ಹೊದ್ದದ್ದೂ ಹೌದು. ‘ನಿಕೋಟಿಯಾನ ಗ್ಲಾಕ’ ಅನ್ನೋ ಮರತಂಬಾಕೂ ಹಾಗೇ: ಸಾಮಾನ್ಯ ಹೊಗೆಸೊಪ್ಪಿನ ಎಲೆ ಅಂಟುರೋಮದ್ದು, ಇದರದ್ದು ಬೋಳು, ಮೇಲೆ ಮೇಣ. ಗಿಡವೆಲ್ಲ ವಿಷ, ಸೊಪ್ಪು ಅಂತ ಕೈ ಹಾಕಬೇಡಿ.

ಗುಡ್ಡದ ಗಿಡ
ನೀಲಗಿರಿ ಮರ ಬಿಟ್ರಲ್ಲ ಮಾರಾಯ್ರೆ! ಊಟಿ ಕಡೆ ಬೆಳೆದ ‘ಯೂಕಲಿಪ್ಟಸ್ ಗ್ಲಾಬ್ಯುಲಸ್’ನ ಎಳೆ ಗಿಡ ನೋಡಿ. ಎದುರುಬದುರು ಜೋಡಿ ಎಲೆ, ತೊಟ್ಟಿಲ್ಲ, ಕಾಂಡ ನಾಲ್ಕು ಮೂಲೆ, ಮೈಯೆಲ್ಲ ನೀಲಿಬಿಳಿ ಬೂದಿ. ಅದೇ ಮರ ದೊಡ್ಡದಾದ ಮೇಲೆ ಕುಡುಗೋಲಿನ ಹಾಗಿನ ಉದ್ದ ಹಸಿರು ಎಲೆ, ಒಂದು ಬಿಟ್ಟು ಒಂದು. ಗೊತ್ತಿಲ್ಲದಿದ್ದರೆ ಎರಡು ಬೇರೆ ಮರ ಅಂತ ಬರೆದುಬಿಡ್ತಾರೆ. ಬಯಲುಸೀಮೆಯಲ್ಲಿ ನೆಟ್ಟದ್ದು ಬಹುತೇಕ ಮೈಸೂರು ಗಮ್ ಅನ್ನೋ ಬೇರೆ ಬಗೆ, ಅದರಲ್ಲಿ ಈ ಬೂದಿ ಹುಡುಕಬೇಡಿ. ಮತ್ತೆ ಎಕ್ಕದ ಗಿಡ? ಅದೂ ಬೆಳ್ಳಗೇ ಇರ್ತದಲ್ಲ?

ಒಣಗಿಡ ಸಂಗ್ರಹ
ಎಕ್ಕ ಮೋಸ ಮಾಡುತ್ತೆ. ಎಳೆ ಎಲೆ, ಕಾಂಡ ಉಜ್ಜಿದರೆ ಕೈಗೆ ಬಿಳಿ ಬರುತ್ತೆ, ಆದರೆ ಅದರಲ್ಲಿ ಬಹುಪಾಲು ಹತ್ತಿಯಂಥ ರೋಮ. ಬೆರಳಲ್ಲಿ ಹೊಸೆದರೆ ಉಂಡೆ ಕಟ್ಟುತ್ತೆ, ಮೇಣವಾದರೆ ಜಾರುತ್ತೆ. ಉಜ್ಜಿದ ಕೈ ಕಣ್ಣಿಗೆ ತಾಗಿಸಬೇಡಿ, ಹಾಲು ಅಪಾಯ.

ಪದಶೋಧದವರ ಕೈಪಿಡಿಗೆ ಒಣಗಿಸಿದ ಮಾದರಿ ನೋಡಿ ವಿವರ ಬರೆಯೋರಿದ್ದರೆ ಇದನ್ನೂ ಹೇಳಿ: ಗ್ಲಾಕಸ್ ಅನ್ನೋದನ್ನ ಗಿಡ ಕೊಯ್ದ ಜಾಗದಲ್ಲೇ ಚೀಟಿಯಲ್ಲಿ ಬರೀಬೇಕು. ಎಲೆಯ ಯಾವ ಮೈ, ಎಳೆಯದೋ ಬಲಿತದ್ದೋ, ಉಜ್ಜಿದರೆ ಹೋಗುತ್ತೋ ಅಂತ. ಒತ್ತುಹಲಗೆಯಲ್ಲಿ ಕಾಗದಕ್ಕೆ ಉಜ್ಜಿ ಅರ್ಧ ಹೋಗುತ್ತೆ. ಒಣಗಿಸುವ ಪೆಟ್ಟಿಗೆಯ ಬಿಸಿ 45 ಡಿಗ್ರಿ ದಾಟದಿದ್ದರೆ ಉಳಿದದ್ದು ಉಳಿಯುತ್ತೆ, ಜಾಸ್ತಿಯಾದರೆ ಮೇಣ ಮೆತ್ತಗಾಗಿ ಹಾಳೆಯ ಪಾಲು. ಮಳೆಗಾಲದಲ್ಲಿ ಕೊಳೆಯದಿರಲಿ ಅಂತ ಮದ್ಯಸಾರದಲ್ಲಿ ನೆನೆಸಿ ತಂದ ಮಾದರಿಯಲ್ಲಂತೂ ಈ ಗುಣವನ್ನ ನಂಬಲೇಬೇಡಿ. ಹತ್ತು ವರ್ಷದ ಮೇಲೆ ಯಾರೋ ಹಾಳೆ ನೋಡಿ ಗ್ಲಾಕಸ್ ಅಲ್ಲ ಅಂತ ಬರೆದು ಬೇರೆ ಪ್ರಭೇದಕ್ಕೆ ಸೇರಿಸಿಬಿಡ್ತಾರೆ.

ಪದಶೋಧ
ಎಲ್ಲರಿಗೂ ನಮಸ್ಕಾರ. ಈಗ ಪದ ನಿರ್ಧಾರ ಮಾಡೋಣ. ನನ್ನ ಸಲಹೆ ‘ಬೂದುಹೊದ್ದ’.

ಲ್ಯಾಟಿನ್ ಪಾಠ
‘ಧೂಸರ’ ಯಾಕೆ ಬೇಡ? ಶಾಸ್ತ್ರಗ್ರಂಥಕ್ಕೆ ಗಂಭೀರವಾಗಿ ಕೂರುತ್ತೆ.

ಗಾದೆಗಂಟು
ಧೂಸರ ಅಂದರೆ ಧೂಳಿನ ಬಣ್ಣ. ಧೂಳು ಹೊರಗಿನಿಂದ ಬಂದು ಕೂರುತ್ತೆ, ಇದು ಗಿಡದ ಸ್ವಂತದ್ದು. ಜೊತೆಗೆ ಅದು ಮತ್ತೆ ಬಣ್ಣದ ಹೆಸರೇ ಆಯ್ತು. ಇಷ್ಟು ಹೊತ್ತು ಬಣ್ಣ ಅಲ್ಲ ಅಂತ ವಾದ ಮಾಡಿದ್ದು ಯಾತಕ್ಕೆ?

ತರಕಾರಿ ಸಾಲು
ಬರೀ ‘ಬೂದು’ ಇಟ್ಟರೆ ರೈತರು ಬೂದಿರೋಗ ಅಂತ ಓದ್ತಾರೆ. ಔಷಧಿ ಕೇಳಿಕೊಂಡು ಅಂಗಡಿಗೆ ಹೋಗ್ತಾರೆ. ‘ಮೇಣಬೂದು’ ಅನ್ನಿ, ಎರಡಕ್ಕೂ ಗೆರೆ ಬೀಳುತ್ತೆ.

ಕರಡು ತಿದ್ದು
ಮೇಣಬೂದು ಒಳ್ಳೆಯದಿದೆ. ನಾಮಪದವಾಗಿಯೂ ಗುಣವಾಚಕವಾಗಿಯೂ ನಿಲ್ಲುತ್ತೆ: ಮೇಣಬೂದು ಎಲೆ, ಎಲೆಗೆ ಮೇಣಬೂದು ಇದೆ. ಇಂಗ್ಲಿಷಿನಲ್ಲಿ ಗುಣಕ್ಕೆ ಗ್ಲಾಕಸ್, ಹೊದಿಕೆಗೆ ಬ್ಲೂಮ್ ಅಂತ ಎರಡು ಬೇಕಾಗುತ್ತೆ, ನಮಗೆ ಒಂದೇ ಸಾಕಾಯ್ತು.

ಹಕ್ಕಿಗೂಡು
ಹಕ್ಕಿಗೆ ಹಾಕಬೇಡಿ. ಅಲ್ಲಿ ‘ತಿಳಿಬೂದು’ ಸಾಕು.

ಯವನಪದ
ದೇವಿಗೆ ‘ಹೊಳೆಗಣ್ಣಿ’, ಹಕ್ಕಿಗೆ ‘ತಿಳಿಬೂದು’, ಗಿಡಕ್ಕೆ ‘ಮೇಣಬೂದು’. ಕಾಯಿಲೆ ಹೆಸರು ಹಾಗೇ ಇರಲಿ.

ಪದಶೋಧ
ಹಾಗಾದರೆ ತಿದ್ದಿದ ಸಾಲು ಹೀಗೆ: ‘ಎಲೆಯ ಮೇಲ್ಮೈ ಬೋಳು, ತಳಭಾಗಕ್ಕೆ ಮೇಣಬೂದು, ಎಳೆ ಕಾಂಡಕ್ಕೂ ಮೇಣಬೂದು, ಬಲಿತಂತೆ ಉದುರುವುದು.’

ಒಣಗಿಡ ಸಂಗ್ರಹ
‘ಉದುರುವುದು’ ಬೇಡ, ರೋಮ ಉದುರುತ್ತೆ. ಮೇಣ ‘ಸವೆಯುವುದು’ ಅನ್ನಿ. ಮೂಲದಲ್ಲಿ ‘ಗ್ಲಾಸೆಸೆಂಟ್’ ಅಂತ ಎಲ್ಲಾದರೂ ಇದ್ದರೆ ಅದು ಸ್ವಲ್ಪ ಮಾತ್ರ ಗ್ಲಾಕಸ್, ಅಲ್ಲಿ ‘ತೆಳು ಮೇಣಬೂದು’. ‘ಪ್ರೂಯಿನೋಸ್’ ಅಂತಿದ್ದರೆ ದಪ್ಪನಾಗಿ ಹಿಮ ಸುರಿದಂತೆ ಕೂತದ್ದು, ಲ್ಯಾಟಿನ್ನಿನ ‘ಪ್ರೂಯಿನ’ ಅಂದರೆ ಇಬ್ಬನಿಹಿಮ.

ಹಿತ್ತಲಬಳ್ಳಿ
ಆ ದಪ್ಪದ್ದಕ್ಕೆ ‘ಕುಂಬಳಬೂದಿ’ ಅನ್ನಬಹುದಲ್ವಾ?

ಕರಡು ತಿದ್ದು
ಹಣ್ಣು, ಕಾಯಿಗೆ ಆಗುತ್ತೆ. ಕಾಂಡಕ್ಕೆ ‘ದಪ್ಪ ಮೇಣಬೂದು’ ಅಂತಲೇ ಇಡಿ, ಅನುಬಂಧದಲ್ಲಿ ಬೂದುಗುಂಬಳದ ಚಿತ್ರ ಒಂದು ಹಾಕಿ, ಹೆಬ್ಬೆರಳಿನಿಂದ ಎಳೆದ ಗೆರೆ ಕಾಣುವ ಹಾಗೆ.